ಮಾವನ ಕೈಗೆ ಸಿಕ್ಕ ನೀಲಿ ಹಿಡಿ

ಬುಡಾಪೆಸ್ಟ್
ಮಾರ್ಚ್ ೧೨, ಬುಧವಾರ

ಗಿಜೆಲ್ಲಾ,

‘ಪ್ರೀತಿಯ’ ಎಂದು ಸೇರಿಸೋಣವೆಂದಿದ್ದೆ. ನಿಮ್ಮಪ್ಪನನ್ನು ನನ್ನ ಕೊರಳಿಗೆ ಕಟ್ಟಿ, ಎರಡು ವರ್ಷದಿಂದ ಸೆಗೆಡ್‌ನಲ್ಲಿ ತಂಗಿಯ ಮನೆ ಸೇರಿದವಳಿಗೆ ಅದು ಸದ್ಯಕ್ಕೆ ಬೇಡ.

ಮಾವನ ಮುರಿದ ಸೊಂಟದ ಮೂಳೆ ಕೂಡಿಕೊಂಡಿದೆ, ಇನ್ನು ನಡೆಯಲೇಬೇಕು ಎಂದರು ಡಾಕ್ಟರು. ಆಸ್ಪತ್ರೆಯವರು ಅಲ್ಯೂಮಿನಿಯಂ ಕೋಲು ಕೊಟ್ಟರು. ಮಾವ ಅದನ್ನು ಮುಟ್ಟಲಿಲ್ಲ. “ಅಳಿಯಂದಿರೇ, ಅದು ಮುದುಕ್ರಿಗೆ. ನಂಗಿನ್ನೂ ಎಪ್ಪತ್ತೊಂಬತ್ತು” ಎಂದು ಮೂರು ವಾರ ಕುರ್ಚಿಗೆ ಅಂಟಿಕೊಂಡರು. ಹೋದ ವಾರ ಸೋಮವಾರ ನಾನು ಹರಾಜಿಗೆ ಹೋಗಿ ಬರುವಷ್ಟರಲ್ಲಿ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಹಳೇ ಕೋಲುಗಳ ಗಾಜಿನ ಬೀರು ಬಾಯಿ ತೆರೆದಿತ್ತು.

ಯಾವುದನ್ನು ಎತ್ತಿಕೊಂಡಿದ್ದರು ಗೊತ್ತೆ? ಪೀಟರ್ಸ್‌ಬರ್ಗಿನ ನೀಲಿ ಎನಾಮೆಲ್ ಹಿಡಿಯ ಕೋಲನ್ನು! ಹಿಡಿಯ ಕತ್ತಿನ ಸುತ್ತ ಹನ್ನೆರಡು ಕೆಂಪು ಹರಳು, ಕೆಳಗೆ ನೂರು ವರ್ಷದಿಂದ ಗರಗಸ ಕಾಣದ ಮೂಲ ಬೆತ್ತ. ಅಂಥದ್ದನ್ನು ಊರಿಕೊಂಡು ನಡೆಯುವುದಿಲ್ಲ ಮಾರಾಯ್ತಿ, ಉಸಿರು ಬಿಗಿಹಿಡಿದು ನೋಡುತ್ತಾರೆ. ಇವರು ಮಾರುಕಟ್ಟೆಗೆ ಹೋಗಿ ಹುಳಿ ಎಲೆಕೋಸು ತಂದರು. ಎನಾಮೆಲ್ ಮೇಲೆಲ್ಲ ಅದರ ರಸ.

ಕೋಸು ಮಾರುವ ಬೊರಿಷ್ಕಾ, “ಏನ್ ದೊರೆಗಳೇ, ಕುದುರೆ ಎಲ್ಲಿ ಕಟ್ಟಿ ಬಂದ್ರಿ?” ಎಂದಳಂತೆ. “ಅಂಗಡೀಲಿದೆ. ಅಳಿಯ ಮೇಯಿಸ್ತಿದಾನೆ” ಎಂದರಂತೆ ನಿಮ್ಮಪ್ಪ. ಸುತ್ತಲಿನವರೆಲ್ಲ ನಕ್ಕರಂತೆ. ಅಲ್ಲಿಂದೀಚೆಗೆ ದಿನಾ ಸವಾರಿ.

ಅದನ್ನು ಮಾಡಿಸಿಕೊಂಡವನು ಆರಡಿಯ ಆಳು. ನಿಮ್ಮಪ್ಪ ಐದಡಿ ಚಿಲ್ಲರೆ. ಊರಿದಾಗ ಬಲಭುಜ ಕಿವಿಗೇ ಬಡಿಯುತ್ತದೆ. “ಏಳು ಸೆಂಟಿಮೀಟರ್ ಕುಯ್ದುಕೊಡೋ” ಎನ್ನುತ್ತಾರೆ, ಗಜ್ಜರಿ ಕೊಯ್ಯುವ ಹಾಗೆ! ಕೊಳ್ಳುವವರು ಹಿಡಿ ನೋಡುವ ಮೊದಲು ಬೆತ್ತದ ಉದ್ದ ಅಳೆಯುತ್ತಾರೆ. ಕೊಯ್ದರೆ ಅರ್ಧ ಬೆಲೆ ಮಣ್ಣುಪಾಲು. ಮುಂದಿನ ಗುರುವಾರ ವಿಯೆನ್ನಾದ ಸಂಗ್ರಹಕಾರ ಬರುತ್ತಾನೆ, ಅಂಗಡಿಯ ವರ್ಷದ ಬಾಡಿಗೆ ಆ ಬೆತ್ತವನ್ನೇ ನೆಚ್ಚಿಕೊಂಡಿದೆ. ಬೆಳ್ಳಿ ಬಾತುಕೋಳಿ ತಲೆಯ ಕೋಲು ಕೊಟ್ಟೆ. “ಬಾತುಕೋಳಿ ಜೊತೆ ನೀನೇ ತಿರುಗು” ಎಂದರು.

ಗುಜರಿ ಚೀಲ ಹೊತ್ತು ಮೇಲೆ ಬಂದವನು ನಾನು. ಕನಸಿನಲ್ಲೂ ಅದಕ್ಕೆ ಗರಗಸ ಇಡುವುದಿಲ್ಲ. ಅವರು ಕೇಳುವುದು ನಿನ್ನ ಮಾತೊಂದೇ. ಭಾನುವಾರ ಬಂದು ಬುದ್ಧಿ ಹೇಳಿ, ಕೋಲು ಬಿಡಿಸಿಕೊಡು. ಉಳಿದ ಜಗಳ ಆಮೇಲೆ ಆಡೋಣ.

ಸಾಕಾಗಿ ಹೋಗಿರುವ,
ಸಿಲಾರ್ಡ್

ಮರೆತದ್ದು: ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ನಿನ್ನೆ ಟ್ರಾಮ್ ನಿಲ್ದಾಣದಲ್ಲಿ ಮಾವ ಬಿದ್ದರು. ಹೆದರಬೇಡ, ಅಂಗೈ ತರಚಿದೆ, ಅಷ್ಟೆ. ನಾನು ಓಡಿ ಹೋದಾಗ ಕೋಲನ್ನು ಎದೆಗೆ ಅವುಚಿಕೊಂಡು ಮಲಗಿದ್ದರು. “ನಿನ್ ಹಿಡಿಗೇನೂ ಆಗಿಲ್ಲ ಕಣೋ, ನೋಡು” ಎಂಬುದೇ ಮೊದಲ ಮಾತು. ಪತ್ರ ಮುಗಿಸಿ ಲಕೋಟೆ ಅಂಟಿಸಿದ್ದವನು ಈಗ ಮತ್ತೆ ಬಿಚ್ಚಿದ್ದೇನೆ. ಒಳಗೆ ನಿನ್ನ ಕೈಗೆ ತಾಗುತ್ತಿರುವ ಗಟ್ಟಿ ತುಂಡು ಆ ಬೆತ್ತದ್ದೇ, ಏಳು ಸೆಂಟಿಮೀಟರ್. ವಿಯೆನ್ನಾದವನಿಗೆ ಬರಬೇಡವೆಂದು ತಿಳಿಸಿದ್ದೇನೆ. ನೀನು ಮಾತ್ರ ಬಾ. ಬುದ್ಧಿ ಹೇಳುವುದಕ್ಕಲ್ಲ, ನಿಮ್ಮಪ್ಪ ಭುಜ ಇಳಿಸಿ ನಡೆಯುವುದನ್ನು ನೋಡುವುದಕ್ಕೆ.