ಹೊಸ ಮಾತ್ರೆಯ ಪರೀಕ್ಷೆ

ಪೆರಂಬೂರು, ಚೆನ್ನೈ

ಪ್ರೀತಿಯ ಸರಸಕ್ಕನಿಗೆ,

ನನ್ನ ಕೈನಡುಕಕ್ಕೆ ಹೊಸ ಮಾತ್ರೆಯೊಂದರ ಪರೀಕ್ಷೆಗೆ ಸೇರಿದ್ದೇನೆ, ಹೆದರಬೇಡ. ಅರ್ಧ ಜನರಿಗೆ ಹೊಸ ಮಾತ್ರೆ, ಉಳಿದವರಿಗೆ ಈಗಿರುವುದೇ. ಯಾರಿಗೆ ಯಾವುದೆಂದು ಡಾಕ್ಟರಿಗೂ ತಿಳಿಯದು. ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು.

"ನಂಗೆ ಹಳೇದೇ ಸಿಕ್ಕಿದ್ರೆ?" ಎಂದು ಕೇಳಿದೆ.

"ಹೋಲಿಸಿ ನೋಡೋಕೆ ಹಳೇದು ತಗೊಳ್ಳೋರೂ ಬೇಕಲ್ವಾ?" ಎಂದು ಡಾಕ್ಟರ್ ಶ್ರೀವಿದ್ಯಾ ನಕ್ಕರು.

ಕಾಫಿ ತುಳುಕಿಸುತ್ತೇನೆಂದು ಹೋಟೆಲಿನಲ್ಲಿ ನನ್ನನ್ನು ಗಲ್ಲಾದಲ್ಲಿ ಕೂರಿಸಿದಾಗಲೂ ನಾನು ಸುಮ್ಮನಿದ್ದೆ. ಆದರೆ ಮೊನ್ನೆ ಭಾವ ಫೋನ್ ಮಾಡಿ, ನೀನೂ ಈಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತೀ ಎಂದರು. ಮರುದಿನವೇ ಹೋಗಿ ಪರೀಕ್ಷೆಗೆ ಸಹಿ ಹಾಕಿದೆ.

ನನಗೇಕೆ ಹೇಳಲಿಲ್ಲ ಅಕ್ಕ? ಮಂಗಳೂರಿನಲ್ಲಿ ಎಗ್ಮೋರ್ ರೈಲು ಹತ್ತು, ಸ್ಟೇಷನ್ನಿಗೆ ನಾನೇ ಬರುತ್ತೇನೆ. ನಿನ್ನ ಕೈಯನ್ನೂ ಡಾಕ್ಟರಿಗೆ ತೋರಿಸೋಣ.

ನಿನ್ನ ತಮ್ಮ,
ಕಿಟ್ಟ