ಬಿಸಿಲಿರುವ ತನಕ

ಸೋಲಾರ್ ಪ್ಲಾಂಟಿನಲ್ಲಿ ಕಾವಲಿಗಿರುವ ಪ್ರಭುರಾಜಣ್ಣನಿಗೆ ತಂಗಿ ಜಂಬಮ್ಮ ಮಾಡುವ ನಮಸ್ಕಾರ.

ಅಣ್ಣಾ, ಕೆಟ್ಟ ಕನಸು ಬಿತ್ತು. ನಮ್ಮ ಮನೆಯವರ ಕೈ ಸೋಲಾರ್ ತಂತಿಗೆ ಅಂಟಿಕೊಂಡಿತ್ತು. ನೀನು ನಿನ್ನ ಕಾವಲು ಕೋಲಿನಿಂದ ಆ ಕೈಗೆ ಹೊಡೆಯುತ್ತಿದ್ದೆ. ಬಿಡಿಸಲಿಕ್ಕೋ ಸಾಯಿಸಲಿಕ್ಕೋ ತಿಳಿಯಲಿಲ್ಲ.

ಜಾಲಹಳ್ಳಿ ಸಭೆಯಲ್ಲಿ ಇಂಜಿನಿಯರ್ ಸಾಹೇಬರು, ಇನ್ನು ದೇಶ ಕಲ್ಲಿದ್ದಲು ಸುಡುವುದು ಬೇಡ, ನಿಮ್ಮ ಬಿಸಿಲೇ ಸಾಕು ಎಂದಾಗ ಮೊದಲು ಚಪ್ಪಾಳೆ ತಟ್ಟಿದವರು ಇವರೇ. ಕುರಿ ಮೇಯುವ ಗುಡ್ಡಕ್ಕೇ ಬೇಲಿ ಬೀಳುತ್ತದೆಂದು ಯಾರಿಗೆ ಗೊತ್ತಿತ್ತು? ಹೋದ ವಾರ ಇವರು ಕಲ್ಲು ತೂರಿ ನಾಲ್ಕು ಸೋಲಾರ್ ಪ್ಲೇಟು ಒಡೆದರು, ನಿಮ್ಮವರು ಇವರ ಎಡಗೈ ಮುರಿದರು. ಆ ಏಟು ನಿನ್ನದೆಂದು ನಾನು ಇವರಿಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಈಗ ಬಲಗೈಯಲ್ಲೇ ಕೊಡಲಿ ಮಸೆಯುತ್ತಿದ್ದಾರೆ. ಗುರುವಾರ ಮಧ್ಯಾಹ್ನ ಲೈನು ಬಂದ್ ಇರುತ್ತದಂತೆ, ಆಗ ಬಂದು ತಂತಿ ಕಡಿಯುತ್ತಾರಂತೆ. "ಬಿಸಿಲು ಇರೋ ತನಕ ಆ ತಂತ್ಯಾಗ ಕರೆಂಟ್ ಇರ್ತದಂತ ನಮ್ಮಣ್ಣ ಹೇಳ್ಯಾನ್ರಿ" ಅಂದೆ. "ಕಂಪನಿ ಅನ್ನ ತಿಂದಾಂವ ಮತ್ತೇನ್ ಹೇಳ್ತಾನ ಬೇ? ಅಡ್ಡ ಬಂದ್ರ ಮೊದಲು ಅವನ್ನ ಕಡೀತೀನಿ" ಅಂದರು. ಕೊಡಲಿ ಬಚ್ಚಿಟ್ಟೆ. ನನ್ನನ್ನು ಹೊಡೆದು ಇಸಿದುಕೊಂಡರು.

ಫೋನಿನಲ್ಲಿ ಮಾತಾಡಿದರೆ ಇವರಿಗೆ ಕೇಳಿಸುತ್ತದೆ, ಅದಕ್ಕೇ ಬಸ್ಸಿನವರ ಕೈಯಲ್ಲಿ ಈ ಚೀಟಿ. ಗುರುವಾರ ರಜೆ ಹಾಕಬೇಡ, ಬೇಲಿ ಹತ್ತಿರವೇ ಇರು. ಇವರು ತಂತಿಗೆ ಅಂಟಿಕೊಂಡರೆ ಕೈಯಿಂದ ಮುಟ್ಟಬೇಡ, ಕೋಲಿನಿಂದಲೇ ಹೊಡೆದು ಬಿಡಿಸು. ಆ ಕೋಲು ಒಣ ಕಟ್ಟಿಗೆಯದೇ, ತುದಿಗೆ ಕಬ್ಬಿಣ ಏನಾದರೂ ಇದೆಯೇ, ಇನ್ನೊಮ್ಮೆ ನೋಡಿಕೋ.

ನಿನ್ನ ತಂಗಿ