ನಿನ್ನ ಹೆಸರಿನ ಕೊನೆಯ ಟ್ಯೂಬು

ಅಪ್ಪಾ,

ಲ್ಯಾಬಿನಲ್ಲಿ ಚೇಳಿನ ವಿಷವನ್ನು ಮಾದರಿಯಾಗಿಟ್ಟುಕೊಂಡು ನೋವಿನ ಔಷಧಿ ಮಾಡುತ್ತಿದ್ದೇವೆ ಎಂದು ನಾನು ಹೇಳಿದಾಗ ನೀನು ಹಾಸಿಗೆಯಲ್ಲೇ ನಕ್ಕಿದ್ದೆ. "ಚೇಳನ್ನೇ ತಂದು ಬಿಡೇ, ಈ ಕಾಲುನೋವಿಗಿಂತ ಅದೇ ವಾಸಿ." ಆಮೇಲೆ ನಗು ನಿಲ್ಲಿಸಿ, "ಆ ಔಷಧಿನ ನನಗೇ ಒಂದ್ಸಲ ಚುಚ್ಚಿ ನೋಡಬಾರ್ದಾ?" ಎಂದಿದ್ದೆ. ಮನುಷ್ಯರಿಗೆ ಇನ್ನೂ ಕೊಡುವಂತಿಲ್ಲ ಎಂದು ನಾನು ನಿಯಮ ಹೇಳಿದೆ. "ಹೋಗ್ಲಿ, ಪರೀಕ್ಷೆಗೆ ರಕ್ತನಾದ್ರೂ ತಗೋ," ಎಂದು ನೀನು ತೋಳು ಚಾಚಿದೆ.

ಆ ವಿಷದ ಮಾದರಿಯಲ್ಲಿ ನಾವು ಮಾಡಿದ ಪೆಪ್ಟೈಡುಗಳೆಂಬ ಪುಟ್ಟ ಪ್ರೋಟೀನು ಸರಗಳೆಲ್ಲ ರಕ್ತ ಸೇರಿದ ಹತ್ತೇ ನಿಮಿಷಕ್ಕೆ ಚೂರಾಗುತ್ತಿದ್ದವು. ರಕ್ತ ತುದಿಯಿಂದಲೇ ಕಡಿಯುತ್ತದೆಂದು ನಲವತ್ತೊಂದನೆಯದರ ಎರಡು ತುದಿಗಳನ್ನೂ ಬೆಸೆದು ಉಂಗುರ ಮಾಡಿದೆವು. ಇವತ್ತು ಅದರ ಪರೀಕ್ಷೆ. ಫ್ರೀಜರ್ ತೆಗೆದರೆ, ಪರೀಕ್ಷೆಗೆಂದು ಕೊಂಡು ತಂದಿದ್ದ ಸೀರಮ್, ಅಂದರೆ ರಕ್ತದ ತಿಳಿ, ಮುಗಿದಿತ್ತು. ನೀನಿದ್ದಾಗ ನಿನ್ನ ರಕ್ತದಿಂದ ತೆಗೆದಿಟ್ಟಿದ್ದ ಸೀರಮ್ ಒಂದು ಟ್ಯೂಬು ಉಳಿದಿತ್ತು, ಮೇಲೆ ನನ್ನ ಅಕ್ಷರದಲ್ಲಿ "ಅಪ್ಪ" ಅಂತ.

"ಇದು ಬೇಡ ಬಿಡು, ನಾಳೆ ಬೇರೆ ತರಿಸೋಣ," ಎಂದಳು ಜೊತೆಗಾತಿ. ನಾನು ಕೇಳಲಿಲ್ಲ. ಎಷ್ಟು ಸಲ ನಾಳೆ ಎಂದಿದ್ದೆ ನಿನಗೆ.

ನಿನ್ನ ಸೀರಮ್‌ನಲ್ಲಿ ಆರು ಗಂಟೆ ಕಳೆದರೂ ಉಂಗುರ ಒಡೆಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನು ಇಲಿಗಳು, ಆಮೇಲೆ ಮನುಷ್ಯರು; ಎಲ್ಲ ನೆಟ್ಟಗಾದರೆ ಔಷಧಿ ಕೈಗೆ ಬರಲು ಹತ್ತು ವರ್ಷವಂತೆ.

ಆ ಗದ್ದಲದಲ್ಲಿ ನಾನು ಟ್ಯೂಬನ್ನು ಅಂಗೈಯಲ್ಲಿ ಹಿಡಿದು, "ಈಗ ನೋವು ಹೇಗಿದೆ ಅಪ್ಪಾ?" ಎಂದು ಕೇಳಿಯೇಬಿಟ್ಟೆ.